ಆಫೀಸಿನ ಮಾತು ಅಡುಗೆಮನೆಗೂ ಗೊತ್ತಿರಲಿ

ಸಿಟಿಸಿ, ಬೆಂಚ್, ನೋಟಿಸ್ ಪೀರಿಯಡ್... ದಿನಾ ಕಿವಿಗೆ ಬೀಳುವ ಈ ಪದಗಳಿಗೆ ತಲೆಯಾಡಿಸಿ ಸುಮ್ಮನಾಗುವವರೇ ಹೆಚ್ಚು. ಆದರೆ ಮನೆ ಖರ್ಚಿನ ಲೆಕ್ಕ, ಮಕ್ಕಳ ಫೀಸು, ನಾಳೆಯ ಭದ್ರತೆ ಎಲ್ಲವೂ ಅಡಗಿರುವುದು ಈ ಪದಗಳಲ್ಲೇ.

'ಹುಡುಗ ಏನು ಮಾಡ್ಕೊಂಡಿದ್ದಾನೆ?'

ಹೆಣ್ಣು ಹೆತ್ತವರು ಕೇಳುವ ಮೊದಲ ಪ್ರಶ್ನೆ ಇದು. ನಲವತ್ತು ವರ್ಷದ ಹಿಂದೆ ಯಶವಂತಪುರ, ಜಾಲಹಳ್ಳಿ ಕಡೆ ಇದಕ್ಕೆ ಉತ್ತರ ಎರಡೇ ಪದದಲ್ಲಿ ಮುಗಿದುಹೋಗುತ್ತಿತ್ತು. 'ಎಚ್‌ಎಂಟಿ, ಪರ್ಮನೆಂಟು.' ಅಷ್ಟು ಕೇಳಿದರೆ ಸಾಕು, ಸಂಬಳ, ಕ್ವಾರ್ಟರ್ಸು, ಬೋನಸ್ಸು ಎಲ್ಲ ಕಣ್ಮುಂದೆ ಬಂದುಬಿಡುತ್ತಿತ್ತು. ಈಗ ಅದೇ ಪ್ರಶ್ನೆಗೆ ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿ ಬರುವ ಉತ್ತರ ನೋಡಿ: 'ಪ್ರಾಡಕ್ಟ್ ಕಂಪನೀಲಿ ಸೀನಿಯರ್ ಅಸೋಸಿಯೇಟು ಆಂಟಿ, ಹೈಬ್ರಿಡ್ಡು, ಇಪ್ಪತ್ತೆರಡು ಸಿಟಿಸಿ.' ಕೇಳಿದವರು 'ಓಹೋ, ಹೌದಾ' ಅಂತ ಕಾಫಿ ಲೋಟ ಕೆಳಗಿಡುತ್ತಾರೆ. ಅರ್ಥವಾಯಿತೋ ಇಲ್ಲವೋ ದೇವರಿಗೇ ಗೊತ್ತು!

ಬೇರೆಯವರ ಮಾತು ಬಿಡಿ. ನಮ್ಮ ಮನೆಯವರು, ಮಗ, ಮಗಳು ಫೋನಿನಲ್ಲಿ ಆಡುವ ಮಾತುಗಳಲ್ಲಿ ನಮಗೆಷ್ಟು ಗೊತ್ತಾಗುತ್ತೆ? 'ಅವ್ರ ಆಫೀಸ್ ವಿಷ್ಯ ನಂಗ್ಯಾಕೆ' ಅಂತ ನಾವೇ ಎಷ್ಟೋ ಸಲ ದೂರ ಉಳಿಯುತ್ತೇವೆ. ಸಾಸಿವೆ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ಕಣ್ಣುಮುಚ್ಚಿ ಹೇಳುವವರು ನಾವು. ಆ ಡಬ್ಬಿ ತುಂಬುವ ದುಡ್ಡು ಯಾವ ಹೆಸರಿನಲ್ಲಿ, ಯಾವ ಷರತ್ತಿನ ಮೇಲೆ ಬರುತ್ತೆ ಅನ್ನುವುದೂ ನಮಗೆ ಗೊತ್ತಿರಬೇಕಲ್ಲವೇ? ಇದಕ್ಕೆ ದೊಡ್ಡ ಓದು ಬೇಕಾಗಿಲ್ಲ. ಒಂದಿಪ್ಪತ್ತು ಪದ ಗೊತ್ತಿದ್ದರೆ ಸಾಕು.

ಗುಮಾಸ್ತನಿಂದ ಟೀಮ್ ಲೀಡ್‌ವರೆಗೆ

ಕೆಲಸದ ಮಾತು ಯಾವತ್ತೂ ಹೊರಗಿನಿಂದಲೇ ಬಂದದ್ದು. ನಮ್ಮ ಅಜ್ಜಂದಿರು ಅಚ್ಚ ಕನ್ನಡ ಅಂದುಕೊಂಡು ಆಡುತ್ತಿದ್ದ 'ಗುಮಾಸ್ತ' ಪಾರ್ಸಿಯಿಂದ ಬಂದ ಪದ. 'ನೌಕರ', 'ಚಾಕರಿ' ಕೂಡ ಅಲ್ಲಿಯವೇ. ಹುಬ್ಬಳ್ಳಿ-ಧಾರವಾಡದ ಕಡೆಯವರು ಸಂಬಳಕ್ಕೆ 'ಪಗಾರ' ಅಂತಾರಲ್ಲ, ಅದರ ಬೇರು ಪೋರ್ಚುಗೀಸ್ ಭಾಷೆಯಲ್ಲಿದೆ! ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಈಗಿನ ಹೈಕೋರ್ಟು, 'ಅಠಾರಾ ಕಚೇರಿ' ಅಂತ ಹೆಸರಾದದ್ದು ಅಲ್ಲಿ ಸರಕಾರದ ಹದಿನೆಂಟು ಇಲಾಖೆಗಳಿದ್ದವು ಅಂತ. ಹಾಗಾಗಿ ಆಫೀಸಿನ ಪದ ಅರ್ಥವಾಗದಿದ್ದರೆ ನಾಚಿಕೆಪಡುವ ಅಗತ್ಯವೇ ಇಲ್ಲ. ಪ್ರತಿ ತಲೆಮಾರಿನ ಹೆಂಗಸರೂ ಅವನ್ನು ಹೊಸದಾಗಿಯೇ ಕಲಿತಿದ್ದಾರೆ.

ನಮ್ಮ ಉತ್ತರ ಬೆಂಗಳೂರನ್ನೇ ನೋಡಿ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿಯ ಕೈಗಡಿಯಾರವೂ ಬಂತು. ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ಓಟಿ, ಫ್ಯಾಕ್ಟರಿ ಬಸ್ಸು, ಕ್ಯಾಂಟೀನು... ಇವೆಲ್ಲ ಆಗ ಮನೆಮನೆಯ ಮಾತುಗಳು. ಯಾವ ವಾರ ಯಾವ ಶಿಫ್ಟು ಅನ್ನುವುದರ ಮೇಲೆ ಅನ್ನಕ್ಕಿಡುವ ಹೊತ್ತು ನಿರ್ಧಾರವಾಗುತ್ತಿತ್ತು. 1984ರಲ್ಲಿ ಯಲಹಂಕದ ರೈಲು ಗಾಲಿ ಕಾರ್ಖಾನೆ ಬಂದಾಗ ಆ ಕಡೆಯ ಮನೆಗಳಲ್ಲೂ ಇದೇ ಪಾಠ. ಆಮೇಲೆ ಎಚ್‌ಎಂಟಿ ನಷ್ಟಕ್ಕೆ ಬಿದ್ದಾಗ 'ವಿಆರ್‌ಎಸ್' ಅನ್ನುವ ಹೊಸ ಪದ ಬಂತು. ಹೆಸರಿಗೆ ಸ್ವಯಂ ನಿವೃತ್ತಿ. ಒಟ್ಟಿಗೆ ಕೈಗೆ ಬಂದ ದುಡ್ಡನ್ನು ಹೇಗೆ ನಡೆಸಬೇಕು ಅನ್ನುವ ತಲೆನೋವು ಮಾತ್ರ ಮನೆಯಾಕೆಯದು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯೇ ಮುಚ್ಚಿತು.

2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಬಂದಮೇಲೆ ಬಳ್ಳಾರಿ ರಸ್ತೆಯ ಚಹರೆಯೇ ಬದಲಾಯಿತು. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನ ಗೇಟಿನಿಂದ ಸಂಜೆ ಹೊರಬೀಳುವ ಕ್ಯಾಬುಗಳಲ್ಲಿ ಹೊಸದೊಂದು ಭಾಷೆಯೇ ಮನೆಗೆ ಬರುತ್ತಿದೆ. ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಮಗುವನ್ನು ಕೇಳಿದರೆ 'ಲ್ಯಾಪ್‌ಟಾಪಲ್ಲಿ ಮಾತಾಡ್ತಾರೆ' ಅನ್ನುವ ಕಾಲ ಇದು. ಶಿಫ್ಟಿನ ಸೈರನ್ ಇಲ್ಲ, ಮೀಟಿಂಗ್ ಯಾವಾಗ ಮುಗಿಯುತ್ತೋ ಗೊತ್ತಿಲ್ಲ. ಆದರೂ ಅನ್ನ ಬಿಸಿ ಇರಬೇಕು!

ಸಿಟಿಸಿ ಬೇರೆ, ಕೈಗೆ ಬರೋದು ಬೇರೆ

ಮೊದಲು ತಿಳಿಯಬೇಕಾದ ಪದ 'ಸಿಟಿಸಿ'. ಒಬ್ಬ ಉದ್ಯೋಗಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು ಅದು. ಅದು ಸಂಬಳ ಅಲ್ಲ! ಕೈಗೆ ಬರುವುದನ್ನು 'ಇನ್‌ಹ್ಯಾಂಡ್' ಅಥವಾ 'ಟೇಕ್ ಹೋಮ್' ಅಂತಾರೆ. ಇವೆರಡರ ನಡುವಿನ ಅಂತರ ತಿಳಿಯದೆ ಮನೆ ಸಾಲಕ್ಕೆ ಕೈಹಾಕಿ ಒದ್ದಾಡುವ ಸಂಸಾರಗಳು ಎಷ್ಟಿಲ್ಲ?

ಒಂದು ಲೆಕ್ಕ ಮಾಡೋಣ. ಸಿಟಿಸಿ ವರ್ಷಕ್ಕೆ 9 ಲಕ್ಷ ಅಂತಿಟ್ಟುಕೊಳ್ಳಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 75 ಸಾವಿರ. ನಮ್ಮ ಲೆಕ್ಕ ಇಲ್ಲಿಗೇ ನಿಂತುಬಿಡುತ್ತದೆ. ಆದರೆ ಅದರಲ್ಲಿ 90 ಸಾವಿರ 'ವೇರಿಯಬಲ್ ಪೇ' ಇರಬಹುದು. ಅಂದರೆ ಕಂಪನಿಯ ಲಾಭ, ನಿಮ್ಮವರ ಕೆಲಸ ನೋಡಿ ಕೊಡುವ ಹಣ. ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಮೂಲವೇತನ, ಅಂದರೆ 'ಬೇಸಿಕ್' ತಿಂಗಳಿಗೆ 37,500 ಅಂತಾದರೆ ಅದರ ಶೇ 12ರಷ್ಟು ಕಂಪನಿ ಕಟ್ಟುವ ಪಿಎಫ್. ಅದು ವರ್ಷಕ್ಕೆ 54 ಸಾವಿರ, ಅದನ್ನೂ ಸಿಟಿಸಿಯೊಳಗೇ ಸೇರಿಸಿರುತ್ತಾರೆ. ಗ್ರಾಚ್ಯುಟಿಗೆಂದು ಸುಮಾರು 21,600, ಆರೋಗ್ಯ ವಿಮೆಗೆಂದು ಒಂದು 14,400 ತೆಗೆದಿಡಿ. ಉಳಿದದ್ದು 7 ಲಕ್ಷ 20 ಸಾವಿರ. ತಿಂಗಳಿಗೆ 60 ಸಾವಿರ.

ಇಲ್ಲಿಗೂ ಮುಗಿಯಲಿಲ್ಲ. ಉದ್ಯೋಗಿಯ ಪಾಲಿನ ಪಿಎಫ್ 4,500 ರೂಪಾಯಿ ಹೋಗಬೇಕು. ತಿಂಗಳಿಗೆ 25 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಇರುವವರಿಗೆ ರಾಜ್ಯ ಸರಕಾರದ ವೃತ್ತಿ ತೆರಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ಇಷ್ಟು ಕಳೆದರೆ ಕೈಗೆ ಬರುವುದು 55,300. ಈ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಇಲ್ಲ ಅನ್ನುವುದೊಂದೇ ಸಮಾಧಾನ. 75 ಸಾವಿರದ ಆಸೆ ಎಲ್ಲಿ, 55 ಸಾವಿರ ಎಲ್ಲಿ! ಈ ವಿಂಗಡಣೆ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತೆ, ಇದು ಉದಾಹರಣೆ ಅಷ್ಟೆ. ಆದರೆ ಇಎಂಐ, ಶಾಲೆ ಫೀಸು, ಚೀಟಿ ಏನೇ ಇದ್ದರೂ ಲೆಕ್ಕ ಹಾಕುವುದು ಇನ್‌ಹ್ಯಾಂಡ್ ಮೇಲೆ ಮಾತ್ರ ಅನ್ನುವುದನ್ನು ಮರೆಯಬೇಡಿ. ವೇರಿಯಬಲ್ ದುಡ್ಡನ್ನು ನಂಬಿ ಒಡವೆ ಅಂಗಡಿಗೆ ಹೋಗಬೇಡಿ, ಅದು ಬಂದ ಮೇಲೆ ಹೋಗಿ.

ಪೇಸ್ಲಿಪ್‌ನಲ್ಲಿ ಎರಡು ಕಾಲಂ ಇರುತ್ತೆ. ಎಡಕ್ಕೆ ಗಳಿಕೆ, ಬಲಕ್ಕೆ ಕಡಿತ. ನಮ್ಮ ಹಾಲಿನವರ ಕಾರ್ಡು ಓದಿದ ಹಾಗೇ ಓದಬಹುದು, ಹೆದರಬೇಕಾಗಿಲ್ಲ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಲಿಸಿದ ಪಾಠ

ಪಿಎಫ್ ಅಂದರೇನು ಅಂತ ಈ ಊರಿಗೇ ಪಾಠ ಹೇಳಿದವರು ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು. 2016ರಲ್ಲಿ ಕೇಂದ್ರ ಸರಕಾರ ಒಂದು ನಿಯಮ ತಂದಿತ್ತು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವ ತನಕ ತೆಗೆಯುವ ಹಾಗಿಲ್ಲ ಅಂತ. ಸುದ್ದಿ ಹರಡಿದ್ದೇ ತಡ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಲಿಗೆ ಯಂತ್ರ ಬಿಟ್ಟು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಪ್ರತಿಭಟನೆಯಲ್ಲಿ ಹಿಂಸಾಚಾರವೂ ಆಯಿತು, ಊರಿನ ಸಂಚಾರ ನಿಂತೇಹೋಯಿತು. 19ರಂದೇ ಸರಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು.

ಯೋಚಿಸಿ. ಅವರಲ್ಲಿ ಹೆಚ್ಚಿನವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಆದರೆ ಆ ಎರಡಕ್ಷರದ ಪದದಲ್ಲಿ ಮಗಳ ಮದುವೆ, ಊರಿನ ಸಾಲ, ಕೆಲಸ ಬಿಟ್ಟ ಮೇಲಿನ ಒಂದಿಷ್ಟು ಧೈರ್ಯ ಇದೆ ಅಂತ ಅವರಿಗೆ ಗೊತ್ತಿತ್ತು. ಬಿ.ಎ., ಬಿ.ಕಾಂ. ಓದಿ ಮನೆಯಲ್ಲಿರುವ ನಮ್ಮಲ್ಲಿ ಎಷ್ಟು ಜನ ಮನೆಯವರ ಪಿಎಫ್ ನಂಬರ್ ಬರೆದಿಟ್ಟುಕೊಂಡಿದ್ದೇವೆ?

ಆರ್.ಟಿ. ನಗರದಲ್ಲಿರುವ ನನ್ನ ಪರಿಚಯದ ಗೃಹಿಣಿಯೊಬ್ಬರ ಯಜಮಾನರು ಹಠಾತ್ತನೆ ತೀರಿಕೊಂಡರು. ಹದಿನೈದು ವರ್ಷದಲ್ಲಿ ಮೂರು ಕಂಪನಿ ಬದಲಾಯಿಸಿದ್ದವರು. ದುಡ್ಡಿದೆ ಅಂತ ಎಲ್ಲರೂ ಹೇಳುತ್ತಾರೆ, ಎಲ್ಲಿದೆ ಅಂತ ಹೇಳುವವರಿಲ್ಲ. ನಾಮಿನಿ ಜಾಗದಲ್ಲಿ ಮದುವೆಗೆ ಮುಂಚೆ ಬರೆದ ತಾಯಿಯ ಹೆಸರು. ಹಳೆ ಖಾತೆಯಲ್ಲಿ ಹೆಸರಿನ ಸ್ಪೆಲಿಂಗೇ ಬೇರೆ. ದುಃಖದ ನಡುವೆಯೇ ಆಕೆ ಒಂದು ವರ್ಷ ಕಚೇರಿಗಳಿಗೆ ಅಲೆದರು. ಅತ್ತೆ-ಸೊಸೆ ಹೊಂದಿಕೊಂಡಿದ್ದವರಾದ್ದರಿಂದ ಕೊನೆಗೆ ದುಡ್ಡು ಕೈಸೇರಿತು. ಎಲ್ಲ ಮನೆಯಲ್ಲೂ ಹಾಗೆ ಇರುತ್ತಾ ಹೇಳಿ?

ಅದಕ್ಕೇ ಈ ನಾಲ್ಕು ಪದ ಚೆನ್ನಾಗಿ ನೆನಪಿರಲಿ.

ಯುಎಎನ್: ಪಿಎಫ್‌ನ 12 ಅಂಕಿಯ ಗುರುತಿನ ಸಂಖ್ಯೆ. 2014ರಲ್ಲಿ ಬಂತು. ಕಂಪನಿ ಎಷ್ಟು ಬದಲಾದರೂ ಇದು ಒಂದೇ ಇರಬೇಕು, ಹಳೆ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಬೇಕು. ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ನೋಡಬಹುದು.

ನಾಮಿನಿ: ಮದುವೆಗೆ ಮುಂಚೆ ಮಾಡಿದ ನಾಮನಿರ್ದೇಶನವನ್ನು ಮದುವೆಯಾದ ಮೇಲೆ ಹೊಸದಾಗಿ ಮಾಡಲೇಬೇಕು. ಈಗ ಆನ್‌ಲೈನ್‌ನಲ್ಲೇ ಆಗುತ್ತೆ. ಭಾನುವಾರ ತಿಂಡಿ ಆದಮೇಲೆ ಅರ್ಧ ಗಂಟೆ ಕೂತರೆ ಮುಗಿಯುವ ಕೆಲಸ.

ಪಿಂಚಣಿ ಮತ್ತು ವಿಮೆ: ಕಂಪನಿ ಕಟ್ಟುವ ಪಾಲಿನಲ್ಲಿ ಒಂದು ಭಾಗ ಪಿಂಚಣಿ ಯೋಜನೆಗೆ ಹೋಗುತ್ತೆ. ಕೆಲಸದಲ್ಲಿರುವಾಗಲೇ ಉದ್ಯೋಗಿ ತೀರಿಕೊಂಡರೆ, ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಹೆಂಡತಿಗೆ ತಿಂಗಳ ಪಿಂಚಣಿಯ ಹಕ್ಕಿದೆ. ಪಿಎಫ್ ಜತೆಗಿರುವ 'ಇಡಿಎಲ್‌ಐ' ವಿಮೆಯಲ್ಲಿ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಸಿಗುತ್ತೆ. ಇದಕ್ಕೆ ಸಂಬಳದಿಂದ ಬೇರೆ ಏನೂ ಕಡಿತವಾಗುವುದಿಲ್ಲ, ಹಾಗಾಗಿ ಇದು ಇದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಗ್ರಾಚ್ಯುಟಿ: ಒಂದೇ ಕಡೆ ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಹಣ. ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕ. ಉದ್ಯೋಗಿ ತೀರಿಕೊಂಡರೆ ಐದು ವರ್ಷದ ಷರತ್ತು ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ, ಇಷ್ಟೇ ಅವಧಿಗೆ ಅಂತ ನೇಮಕವಾದವರಿಗೆ ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಬರುತ್ತೆ.

ಕಡಿಮೆ ಸಂಬಳದ ಕೆಲಸವಾದರೆ 'ಇಎಸ್‌ಐ' ಅನ್ನೂ ಕೇಳಿ. ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರಿಗೆ 2017ರಿಂದ ಇದು ಅನ್ವಯ. ಉದ್ಯೋಗಿ ಕಟ್ಟುವುದು ಶೇ 0.75 ಮಾತ್ರ, ಚಿಕಿತ್ಸೆ ಇಡೀ ಕುಟುಂಬಕ್ಕೆ. ಪೀಣ್ಯ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳು ನಮಗೆ ಹತ್ತಿರವೇ ಇವೆ.

ಕಳವಳದ ಪದಗಳು

ಕೆಲವು ಪದ ಮನೆಯೊಳಗೆ ಮೆತ್ತಗೆ ಬರುತ್ತವೆ. ಊಟ ಸೇರುತ್ತಿಲ್ಲ, ಮಾತು ಕಡಿಮೆಯಾಗಿದೆ, ರಾತ್ರಿ ಬಾಲ್ಕನಿಯಲ್ಲಿ ಓಡಾಟ. ಕೇಳಿದರೆ 'ಏನಿಲ್ಲ ಬಿಡು, ಪ್ರಾಜೆಕ್ಟ್ ಮುಗೀತು, ಬೆಂಚಲ್ಲಿದ್ದೀನಿ' ಅಂತಾರೆ. ಬೆಂಚಿನ ಮೇಲೆ ಕೂತಿದ್ದಾರೆ ಅಂತ ನಗಬೇಡಿ! ಸಂಬಳ ಬರುತ್ತಿದೆ, ಆದರೆ ಕೈಯಲ್ಲಿ ಕೆಲಸ ಇಲ್ಲ ಅಂತ ಅರ್ಥ. ಹೊಸ ಪ್ರಾಜೆಕ್ಟ್ ಸಿಕ್ಕರೆ ಸರಿ, ತಿಂಗಳುಗಟ್ಟಲೆ ಹೀಗೇ ಆದರೆ ಕುತ್ತಿಗೆಯ ಮೇಲೆ ಕತ್ತಿ.

'ಪಿಐಪಿಗೆ ಹಾಕಿದ್ದಾರೆ' ಅಂದರೆ ಕೆಲಸ ಸಾಲದು, ಇಷ್ಟು ದಿನದೊಳಗೆ ಸುಧಾರಿಸು ಅಂತ ಕೊಟ್ಟ ಗಡುವು. 'ಪೇಪರ್ ಹಾಕಿದೆ' ಅಂದರೆ ರಾಜೀನಾಮೆ ಕೊಟ್ಟಾಯಿತು. 'ನೋಟಿಸ್ ಪೀರಿಯಡ್' ಅಂದರೆ ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ಒಂದೋ ಎರಡೋ ಮೂರೋ ತಿಂಗಳು. 'ರಿಲೀವಿಂಗ್ ಲೆಟರ್' ಅಂದರೆ ನಮ್ಮ ಕಡೆಯಿಂದ ಬಿಡುಗಡೆ ಆಗಿದೆ ಅನ್ನುವ ಪತ್ರ, ಇದಿಲ್ಲದಿದ್ದರೆ ಮುಂದಿನ ಕೆಲಸಕ್ಕೆ ತೊಡಕು. 'ಫುಲ್ ಅಂಡ್ ಫೈನಲ್' ಅಂದರೆ ಕೊನೆಯ ಲೆಕ್ಕ ಚುಕ್ತಾ. ಹೊಸ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಅಥವಾ ತೆಗೆದ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು.

'ಲೇಆಫ್' ಪದದ ಕಥೆ ಇನ್ನೂ ವಿಚಿತ್ರ. ಹಳೆ ಫ್ಯಾಕ್ಟರಿ ಕಾಲದಲ್ಲಿ ಲೇಆಫ್ ಅಂದರೆ ಕಚ್ಚಾವಸ್ತು ಇಲ್ಲ, ಕರೆಂಟಿಲ್ಲ ಅಂತ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸುವುದು, ಕಾನೂನಿನ ಪ್ರಕಾರ ಅರ್ಧ ಸಂಬಳದಷ್ಟು ಪರಿಹಾರವೂ ಇತ್ತು. ಮತ್ತೆ ಕರೆಯುತ್ತಾರೆ ಅನ್ನುವ ಆಸೆ ಆ ಪದದಲ್ಲಿತ್ತು. ಈಗಿನ ಆಫೀಸುಗಳಲ್ಲಿ ಲೇಆಫ್ ಅಂದರೆ ಕೆಲಸ ಹೋಯಿತು ಅಂತಲೇ ಅರ್ಥ. ಪದ ಅದೇ, ಒಳಗಿನ ಆಸೆ ಮಾತ್ರ ಸೋರಿಹೋಗಿದೆ.

ಕೆಲಸ ಹೋಗುವುದನ್ನು ನೇರವಾಗಿ ಹೇಳಲು ಎಲ್ಲ ಊರಿನವರಿಗೂ ಬಾಯಿ ಬರುವುದಿಲ್ಲ ನೋಡಿ. ಹಾಂಗ್‌ಕಾಂಗ್‌ನವರು ಆಡುವ ಕ್ಯಾಂಟನೀಸ್ ಭಾಷೆಯಲ್ಲಿ ಇದಕ್ಕೆ 'ಚಾವ್ ಯಾವ್ ಯೂ' ಅಂತಾರೆ. ಅಕ್ಷರಶಃ ಅರ್ಥ, ಬೊಂಡಾಸ್ ಹುರಿಯೋದು! ನಮ್ಮ ಮಂಗಳೂರಿನವರು ಬೊಂಡಾಸ್ ಅನ್ನುವ ಆ ಸಮುದ್ರಜೀವಿಯ ತುಂಡುಗಳನ್ನು ಬಾಣಲೆಗೆ ಹಾಕಿದರೆ ಸುರುಳಿ ಸುತ್ತಿಕೊಳ್ಳುತ್ತವೆ. ಹಿಂದೆ ಕೆಲಸಗಾರರು ಮಾಲೀಕನ ಜಾಗದಲ್ಲೇ ಮಲಗುತ್ತಿದ್ದರು, ಕೆಲಸ ಹೋದರೆ ಹಾಸಿಗೆ ಸುರುಳಿ ಸುತ್ತಿಕೊಂಡು ಹೊರಡಬೇಕಿತ್ತು. ಆ ಹೋಲಿಕೆ ಅದು. ನಾವೂ 'ಗಂಟುಮೂಟೆ ಕಟ್ಟಿಸಿದ್ರು' ಅನ್ನುವುದಿಲ್ಲವೇ? ಚೀನೀ ಭಾಷೆಯಲ್ಲಿ ಕಾಯಂ ಸರಕಾರಿ ಕೆಲಸಕ್ಕೆ 'ಕಬ್ಬಿಣದ ಅನ್ನದ ಬಟ್ಟಲು' ಅಂತ ಹೆಸರಿದೆ, ಬಿದ್ದರೂ ಒಡೆಯೋದಿಲ್ಲ ಅಂತ. ನಮ್ಮಲ್ಲಿ ಕೆಲಸ ಕಿತ್ತುಕೊಂಡವರನ್ನು 'ಅನ್ನಕ್ಕೆ ಮಣ್ಣು ಹಾಕಿದರು' ಅಂತ ಶಪಿಸುತ್ತೇವೆ. ಎಲ್ಲಿ ಹೋದರೂ ಆಫೀಸಿನ ಮಾತು ಕೊನೆಗೆ ಅನ್ನದ ತಟ್ಟೆಗೇ ಬಂದು ನಿಲ್ಲುತ್ತೆ.

ಇಂಥ ಹೊತ್ತಿನಲ್ಲಿ ನಾವು ಹೇಗೆ ಮಾತಾಡುತ್ತೇವೆ ಅನ್ನುವುದು ಬಹಳ ಮುಖ್ಯ. 'ಪಕ್ಕದ ಮನೆಯವ್ರಿಗೆ ಪ್ರಮೋಷನ್ ಆಯ್ತಂತೆ' ಅನ್ನುವ ಸುದ್ದಿಯನ್ನು ಆ ವಾರ ನುಂಗಿಕೊಳ್ಳಿ. 'ಏನಾಗುತ್ತೋ ನೋಡೋಣ, ನಾಲ್ಕು ತಿಂಗಳು ನಡೆಸೋಕೆ ನಮ್ಮತ್ರ ಎಷ್ಟಿದೆ ಅಂತ ಒಟ್ಟಿಗೆ ಕೂತು ಬರೆಯೋಣ್ವಾ?' ಅಂತ ಕೇಳಿ. ಬೆಂಚ್ ಅಂದರೇನು ಅಂತ ಮೊದಲೇ ಗೊತ್ತಿದ್ದ ಹೆಂಡತಿಯ ಹತ್ತಿರ ಗಂಡ ಸುಳ್ಳು ಹೇಳಬೇಕಾದ ಪ್ರಸಂಗ ಬರುವುದಿಲ್ಲ. ಟಿಫಿನ್ ಡಬ್ಬಿ ಹಿಡಿದು ಆಫೀಸಿಗೆ ಹೋಗುವಂತೆ ನಟಿಸುವ ಅಗತ್ಯವೂ ಬೀಳುವುದಿಲ್ಲ.

ಸಂಬಳವೋ, ಗೌರವಧನವೋ?

ಸರಕಾರಿ ಕೆಲಸದ ಮಾತಿಗೆ ಬರೋಣ. 'ಸರ್ಕಾರಿ ಕೆಲ್ಸ' ಅಂದಾಕ್ಷಣ ಹಿಗ್ಗುವ ಮುಂಚೆ ಎರಡು ಪ್ರಶ್ನೆ ಕೇಳಿ. ಎಫ್‌ಡಿಎ, ಎಸ್‌ಡಿಎ ಅಂದರೆ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರು, ನೇರ ನೇಮಕಾತಿಯಾದರೆ ಕಾಯಂ ಹುದ್ದೆ. ಆದರೆ 'ಗುತ್ತಿಗೆ' ಅಂದರೆ ಒಪ್ಪಂದ ಇರುವ ತನಕ. 'ಹೊರಗುತ್ತಿಗೆ' ಅಂದರೆ ದುಡಿಯುವುದು ಸರಕಾರಿ ಕಚೇರಿಯಲ್ಲಿ, ಸಂಬಳ ಕೊಡುವುದು ಮಧ್ಯದ ಏಜೆನ್ಸಿ. ಮೂವರೂ ಅಕ್ಕಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ! ಕಾಯಂ ನೌಕರರಲ್ಲೂ 2006ರ ಏಪ್ರಿಲ್ 1ರ ನಂತರ ರಾಜ್ಯ ಸರಕಾರಿ ಕೆಲಸಕ್ಕೆ ಸೇರಿದವರನ್ನು 'ಎನ್‌ಪಿಎಸ್'ಗೆ ಸೇರಿಸಿದ್ದರಿಂದ, ಅವರ ಪಿಂಚಣಿಯ ಲೆಕ್ಕ ಹಿಂದಿನವರ ಹಾಗಲ್ಲ. ಹಾಗಾಗಿ ಮಾವನವರ ಪಿಂಚಣಿ ನೋಡಿ ಅಳಿಯನ ಪಿಂಚಣಿ ಊಹಿಸಬೇಡಿ.

'ಗೌರವಧನ' ಅನ್ನುವ ಪದವನ್ನಂತೂ ಹೆಣ್ಣುಮಕ್ಕಳು ಎಚ್ಚರದಿಂದ ಕೇಳಿಸಿಕೊಳ್ಳಬೇಕು. ಕೇಳಲು ಸಂಬಳಕ್ಕಿಂತ ದೊಡ್ಡದಾಗಿದೆ. ಆದರೆ ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಸಂಬಳ ಅಲ್ಲ, ಗೌರವಧನ ಅಂತ ಹೇಳಿಯೇ ವರ್ಷಾನುಗಟ್ಟಲೆ ಅವರಿಗೆ ನೌಕರರ ಸವಲತ್ತು ಕೊಡಲಿಲ್ಲ. ಕೊನೆಗೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೂ ಗ್ರಾಚ್ಯುಟಿಯ ಹಕ್ಕಿದೆ ಅಂತ ತೀರ್ಪು ಕೊಟ್ಟಿತು. ಒಂದು ಪದದ ಬೆಲೆ ಎಷ್ಟು ನೋಡಿ!

ನಿಮ್ಮ ಮಗಳು ಹೊಸ ಕೆಲಸಕ್ಕೆ ಸೇರುತ್ತಿದ್ದಾಳೆ ಅಂದರೆ 'ಎಷ್ಟು ಕೊಡ್ತಾರಂತೆ' ಅಂತ ಒಂದೇ ಪ್ರಶ್ನೆ ಕೇಳಿ ಬಿಡಬೇಡಿ. ನೇಮಕಾತಿ ಪತ್ರ ಇದೆಯಾ? ಪ್ರೊಬೇಷನ್ ಎಷ್ಟು ತಿಂಗಳು? 'ಬಾಂಡ್' ಬರೆಸಿಕೊಂಡಿದ್ದಾರಾ? ಹೆರಿಗೆ ರಜೆ ಎಷ್ಟು? ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಅನ್ನುವುದು 2017ರಿಂದ ಇರುವ ಹಕ್ಕು. ನೇಮಕಾತಿ ಪತ್ರ ಕೊಡುವುದು ಹೊಸ ಸಂಹಿತೆಗಳಲ್ಲಿ ಕಡ್ಡಾಯ. ಇವನ್ನು ಅಮ್ಮ ಕೇಳಿದರೆ ಮಗಳಿಗೆ ಕಂಪನಿಯಲ್ಲಿ ಕೇಳುವ ಧೈರ್ಯ ಬರುತ್ತೆ.

ನಮ್ಮ ಬಾಯಲ್ಲಿ ಅವರ ಹೆಸರು

ಇಷ್ಟೆಲ್ಲ ಹೇಳಿದ ಮೇಲೆ ನಾವು ಬೇರೆಯವರ ಕೆಲಸವನ್ನು ಏನೆಂದು ಕರೆಯುತ್ತೇವೆ ಅನ್ನುವುದನ್ನೂ ಸ್ವಲ್ಪ ನೋಡಿಕೊಳ್ಳೋಣ. ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಮೂಟೆ ಹೊರುವವರು 'ಹಮಾಲರು', ಅದು ಒಂದು ಕಸುಬಿನ ಹೆಸರು. 'ಜವಾನ' ಅನ್ನುತ್ತಿದ್ದವರು ಈಗ ಗ್ರೂಪ್ ಡಿ ನೌಕರರು. ಕಸ ಗುಡಿಸುವವರು ಅನ್ನುವ ಜಾಗಕ್ಕೆ 'ಪೌರಕಾರ್ಮಿಕರು' ಅನ್ನುವ ಗೌರವದ ಪದ ಬಂದಿದೆ. ಆದರೆ ನಮ್ಮ ಮನೆಗೆ ಬರುವವರನ್ನು ಮಾತ್ರ 'ಕೆಲಸದವಳು' ಅಂತಲೇ ಅನ್ನುತ್ತೇವೆ. ಎದುರಿಗೆ ಹೆಸರು ಹಿಡಿದೋ ಅಕ್ಕಾ ಅಂತಲೋ ಕರೆದು, ಹಿಂದೆ 'ಅವ್ಳು ಇವತ್ತು ಕೈಕೊಟ್ಳು' ಅಂತೀವಿ. ನಮ್ಮವರು ತೆಗೆದುಕೊಂಡರೆ ಅದು 'ಕ್ಯಾಶುಯಲ್ ಲೀವ್', ಆಕೆ ತೆಗೆದುಕೊಂಡರೆ 'ಚಕ್ಕರ್'! ತಿಂಗಳಿಗೆ ಎರಡು ದಿನ ರಜೆ, ಹಬ್ಬಕ್ಕೆ ಬೋನಸ್ಸು ಅಂತ ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ನೆಮ್ಮದಿ.

ಇನ್ನು ನಮ್ಮ ವಿಷಯ. ಬ್ಯಾಂಕಿನ ಅರ್ಜಿಯಲ್ಲಿ 'ಉದ್ಯೋಗ' ಅನ್ನುವ ಜಾಗ ಬಂದಾಗ ಪೆನ್ನು ಒಂದು ಕ್ಷಣ ತಡೆಯುತ್ತಲ್ಲ? ಯಾರಾದರೂ ಕೇಳಿದರೆ 'ಏನಿಲ್ಲಪ್ಪ, ಸುಮ್ನೆ ಮನೇಲಿದ್ದೀನಿ' ಅಂತ ಬಾಯಿಗೆ ಬಂದುಬಿಡುತ್ತೆ. ಬೆಳಿಗ್ಗೆ ಐದೂವರೆಗೆ ಎದ್ದು ರಾತ್ರಿ ಹನ್ನೊಂದಕ್ಕೆ ಗ್ಯಾಸ್ ಆಫ್ ಮಾಡುವವರು ಸುಮ್ಮನೆ ಎಲ್ಲಿದ್ದೀವಿ ಹೇಳಿ? ಜನಗಣತಿಯ ಲೆಕ್ಕದಲ್ಲೂ ಮನೆಗೆಲಸ ಮಾತ್ರ ಮಾಡುವವರು 'ಕೆಲಸ ಮಾಡದವರ' ಪಟ್ಟಿಗೆ ಸೇರುತ್ತಾರೆ. ಆದರೆ ಕೇಂದ್ರ ಸರಕಾರದ್ದೇ 2024ರ ಸಮಯ ಬಳಕೆ ಸಮೀಕ್ಷೆ ಬೇರೆ ಕಥೆ ಹೇಳುತ್ತೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ, ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ, ಗೃಹಿಣಿಯ ದುಡಿಮೆಗೂ ಒಂದು ಆದಾಯ ಇದೆ ಅಂತ ಎಣಿಸಿಯೇ ಪರಿಹಾರ ಲೆಕ್ಕ ಹಾಕಬೇಕು ಅಂತ ಒತ್ತಿ ಹೇಳಿತು. ಕೋರ್ಟು ಲೆಕ್ಕಕ್ಕೆ ತೆಗೆದುಕೊಂಡ ಕೆಲಸವನ್ನು ನಾವೇ 'ಸುಮ್ನೆ' ಅನ್ನುವುದು ಬೇಡ. 'ಮನೆ ನೋಡ್ಕೋತೀನಿ' ಅನ್ನಿ. ಸಾಕು, ಅದರಲ್ಲಿ ಎಲ್ಲ ಬಂತು.

ಈ ತಿಂಗಳೇ ಮಾಡಿ

* ಪೇಸ್ಲಿಪ್ ಒಂದನ್ನು ತೆಗೆಸಿಕೊಂಡು ಎರಡೂ ಕಾಲಂ ಓದಿ. ಅರ್ಥವಾಗದ ಪದವನ್ನು ಕೇಳಿ ಬರೆದುಕೊಳ್ಳಿ.

* ಒಂದು ನೋಟ್‌ಬುಕ್‌ನಲ್ಲಿ ಯುಎಎನ್, ಈವರೆಗೆ ದುಡಿದ ಕಂಪನಿಗಳ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ ಬರೆದಿಡಿ. ಪಾಸ್‌ವರ್ಡ್ ಬರೆಯಬೇಡಿ.

* ಪಿಎಫ್, ಗ್ರಾಚ್ಯುಟಿ, ಕಂಪನಿಯ ವಿಮೆ, ಬ್ಯಾಂಕ್ ಖಾತೆ... ನಾಲ್ಕೂ ಕಡೆ ನಾಮಿನಿ ಯಾರು ಅಂತ ನೋಡಿ. ಒಂದು ಕಡೆ ಬದಲಾಯಿಸಿದರೆ ಇನ್ನೊಂದು ಕಡೆ ತಾನಾಗಿ ಬದಲಾಗುವುದಿಲ್ಲ.

* ಆಧಾರ್, ಪ್ಯಾನ್, ಪಿಎಫ್ ಮೂರರಲ್ಲೂ ಹೆಸರು, ಹುಟ್ಟಿದ ದಿನಾಂಕ ಒಂದೇ ರೀತಿ ಇದೆಯೇ ಪರೀಕ್ಷಿಸಿ.

* ಕಂಪನಿಯ ಆರೋಗ್ಯ ವಿಮೆಯಲ್ಲಿ ಯಾರ್ಯಾರ ಹೆಸರಿದೆ, ಅತ್ತೆ-ಮಾವ ಸೇರಿದ್ದಾರಾ, ಎಷ್ಟು ಮೊತ್ತ ಅಂತ ತಿಳಿದುಕೊಳ್ಳಿ. ಕೆಲಸ ಬಿಟ್ಟರೆ ಈ ವಿಮೆಯೂ ಹೋಗುತ್ತೆ, ನೆನಪಿರಲಿ.

* ಮೂರ್ನಾಲ್ಕು ತಿಂಗಳ ಮನೆಖರ್ಚಿನಷ್ಟು ಹಣ ಬೇರೆ ಇರಲಿ. ಬೆಂಚ್, ಲೇಆಫ್ ಅನ್ನುವ ಪದ ಕಿವಿಗೆ ಬಿದ್ದಾಗ ಎದೆ ಝಲ್ಲೆನ್ನದಿರಲು ಇದೊಂದೇ ಮದ್ದು.

* ಮನೆಯವರು 'ನಿಂಗ್ಯಾಕೆ ಅದೆಲ್ಲ' ಅಂದರೆ ಜಗಳಕ್ಕೆ ಇಳಿಯಬೇಡಿ. 'ನಾಳೆ ನಿಮ್ಗೆ ಹುಷಾರಿಲ್ಲ ಅಂದ್ರೆ ಓಡಾಡೋಳು ನಾನೇ ತಾನೇ?' ಅಂತ ಒಂದು ಮಾತು ಕೇಳಿ. ಇದಕ್ಕೆ ಇಲ್ಲ ಅನ್ನುವವರು ಕಡಿಮೆ.